ಅಥವಾ ತತ್ಸಮಾನ

ಸರ್ಕಾರಿ ಪ್ರಕಟಣೆಗಳಲ್ಲಿ ‘ಅಥವಾ’ ಅನ್ನುವ ಪದ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ‘ಬಿ.ಇ. ಪದವಿ ಅಥವಾ ತತ್ಸಮಾನ ವಿದ್ಯಾರ್ಹತೆ’ ಎಂದು ಬರೆದಿರುತ್ತಾರಲ್ಲ, ಆ ಅಥವಾದ ಆಚೆ ಬದಿಯವಳು ನಾನು. ಡಿಪ್ಲೊಮಾ ಮುಗಿಸಿ ಹೊಸನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಜೂನಿಯರ್ ಇಂಜಿನಿಯರ್ ಆಗಿ ಸೇರಿದೆ. ಮೋರಿ, ಅಂಗನವಾಡಿ, ಹಳ್ಳ ದಾಟುವ ಕಾಲುಸಂಕ, ಇವುಗಳ ನಕ್ಷೆ ಬರೆಯುವುದು ಕೆಲಸ. ಕೆಲಸದಲ್ಲಿದ್ದುಕೊಂಡೇ, ಸಾಗರದಿಂದ ಹೋಗಿಬರುವ ಬಸ್ಸಿನಲ್ಲಿ ಓದಿಕೊಂಡು, ಇಂಜಿನಿಯರುಗಳ ಒಂದು ಸಂಸ್ಥೆ ನಡೆಸುವ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದೆ. ಅಷ್ಟನ್ನೂ ಪಾಸು ಮಾಡಿದವರು ಬಿ.ಇ. ಆದವರಿಗೆ ಸಮ ಎಂದು ಸರ್ಕಾರ ಎಂದೋ ಹೇಳಿತ್ತು. ಅದನ್ನು ನಂಬಬೇಕಾದವರು ಬೇರೆ ಇದ್ದರು.

ನನ್ನ ಗಂಡ ಸಾಗರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ದಿನ ಅವರಿಗೆ ಖುಷಿಯಲ್ಲಿ ವ್ಯಾಕರಣ ಉಕ್ಕಿತು.

“ತತ್ಸಮಾನ ಎಂತಕ್ಕೆ ಮಾರಾಯ್ತಿ, ತದ್ಭವ ಅನ್ನು. ವಿದ್ಯೆ ಅನ್ನೋದು ಜನರ ಬಾಯಲ್ಲಿ ಬಿಜ್ಜೆ ಆಯ್ತು. ಕಾಲೇಜಿನವರದ್ದು ವಿದ್ಯೆ, ನಿಂದು ಬಿಜ್ಜೆ” ಎಂದರು.

ನಾನು ಎರಡು ದಿನ ಮಾತು ಬಿಟ್ಟೆ. ಬಿಜ್ಜೆ ಅಂದರೆ ಕಡಿಮೆ ಅಂತಲ್ಲ, ನಮ್ಮದು ಮಾಡಿಕೊಂಡದ್ದು ಅಂತ ಅರ್ಥ ಎಂದು ಸಮಜಾಯಿಷಿ ಕೊಡುತ್ತಾ ಹಿಂದೆ ಮುಂದೆ ಓಡಾಡಿದರು. ಮನಸ್ಸಿನಲ್ಲಿ ಇಲ್ಲದ್ದಕ್ಕೆ ಇಷ್ಟು ಸಮಜಾಯಿಷಿ ಯಾಕೆ ಅಂತ ನನಗೆ ಇನ್ನೂ ಅನುಮಾನವಾಯಿತು. ಮೊಸರಲ್ಲಿ ಕಲ್ಲು ಹುಡುಕುವುದು ನನ್ನ ಹುಟ್ಟುಗುಣ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ಕಲ್ಲು ಸಿಕ್ಕಿದ ದಿನಗಳನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿಲ್ಲ.

ಹೊಸನಗರದ ಕಚೇರಿಯಲ್ಲಿ ನಮ್ಮ ಮೇಲಿದ್ದ ಸಾಹೇಬರು ಕೆಂಪು ಶಾಯಿಗೆ ಹೆಸರಾದವರು. ಬಿ.ಇ. ಮಾಡಿ ಬಂದ ಹುಡುಗರು ನಕ್ಷೆ ಸುತ್ತಿಕೊಂಡು ಒಳಗೆ ಹೋದರೆ ಹೊರಗೆ ಬರುವಾಗ ನಕ್ಷೆಯೂ ಕೆಂಪು, ಅವರ ಮುಖವೂ ಕೆಂಪು. ಚಹಾ ಕುಡಿಯುವಾಗ ಅದನ್ನು ಬಿಡಿಸಿಟ್ಟುಕೊಂಡು ಸಾಹೇಬರನ್ನು ಬಾಯಿ ತುಂಬ ಬೈಯುತ್ತಿದ್ದರು. ನನ್ನ ನಕ್ಷೆ ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಕೆಳಗೆ ಸಹಿ ಇರುತ್ತಿತ್ತು, ಮೈಮೇಲೆ ಒಂದು ಗೀಟು ಇರುತ್ತಿರಲಿಲ್ಲ. “ನಿಮ್ಮ ಪುಣ್ಯ ಮೇಡಂ” ಎನ್ನುತ್ತಿದ್ದರು ಹುಡುಗರು.

ನನಗೆ ಅದು ಪುಣ್ಯ ಅನ್ನಿಸಲಿಲ್ಲ. ತಪ್ಪೇ ಮಾಡದಷ್ಟು ಜಾಣೆ ನಾನಲ್ಲ ಎಂದು ನನಗೆ ಗೊತ್ತು. ಹಾಗಾದರೆ ಸಾಹೇಬರು ನನ್ನ ನಕ್ಷೆಯನ್ನು ನೋಡುವುದೇ ಇಲ್ಲ. ಇಲ್ಲವೇ ನೋಡುತ್ತಾರೆ, ಡಿಪ್ಲೊಮಾದವಳು, ಇವಳಿಗೆ ಎಷ್ಟು ಹೇಳಿದರೂ ಅಷ್ಟೇ ಎಂದು ಬಿಡುತ್ತಾರೆ. ಎರಡರಲ್ಲಿ ಯಾವುದೆಂದು ತಿಳಿಯದೆ ಒದ್ದಾಡಿದೆ. ಒಂದು ಕೆಂಪು ಗೀಟು ಬೀಳಲಿ ಎಂದು ಒಳಗೊಳಗೇ ಆಸೆಪಟ್ಟದ್ದೂ ಉಂಟು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಬಡ್ತಿಯ ವಿಷಯ ಬಂದಾಗ ಕಚೇರಿಯ ಸೂಪರಿಂಟೆಂಡೆಂಟರು ನನ್ನ ಕಾಗದಗಳನ್ನು ಹರಡಿಕೊಂಡು ಕೂತರು.

“ಕಾಲೇಜು ಯಾವ್ದು ಮೇಡಂ?”

“ಕಾಲೇಜಿಲ್ಲ ಸರ್. ಮನೇಲೇ ಓದಿದ್ದು.”

“ಕಾಲಂ ಖಾಲಿ ಬಿಟ್ರೆ ವಾಪಸ್ ಬರ್ತದೆ.”

“ಹಂಗಾದ್ರೆ ಸಾಗರ–ಹೊಸನಗರ ಬಸ್ಸು ಅಂತ ಬರೀರಿ.”

ಅವರು ನಗಲಿಲ್ಲ. “ಸರ್ಕಾರ ಸಮಾನ ಅಂದಿದೆ, ಸರಿ. ಅದು ನಮ್ಮ ಇಲಾಖೆಗೂ ಸಮಾನವಾ ಅಂತ ಮೇಲಿನವರನ್ನ ಕೇಳ್ಬೇಕಾಗ್ತದೆ” ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಮೇಲಿನವರು ಉತ್ತರಿಸಲು ತಮಗೆ ಬೇಕಾದಷ್ಟು ಕಾಲ ತೆಗೆದುಕೊಂಡರು. ಅಷ್ಟರಲ್ಲಿ, ಇಂಥ ದಿನಾಂಕಕ್ಕೆ ಮೊದಲು ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಈ ಸಮಾನತೆ, ಆಮೇಲಿನವರಿಗೆ ಇಲ್ಲ ಎಂಬುದೂ ಗೊತ್ತಾಯಿತು. ಔಷಧಿ ಬಾಟಲಿಗೆ ಇರುವ ಹಾಗೆ ಇದಕ್ಕೂ ಒಂದು ಅವಧಿ. ನಾನು ಸೇರಿದ್ದು ಆ ದಿನಾಂಕಕ್ಕಿಂತ ಬಹಳ ಮೊದಲೇ. ಆದರೂ ನೋಂದಣಿಯ ಹಳೆಯ ರಸೀದಿಯನ್ನು ಮತ್ತೆ ಮತ್ತೆ ತೆಗೆದು ನೋಡಿದೆ.

ಕೊನೆಗೆ ಬಡ್ತಿಯ ಆದೇಶ ನನ್ನ ಫೋನಿಗೆ ಒಂದು ಫೋಟೋ ಆಗಿ ಬಂತು. ಗಂಡ ಪೇಟೆಗೆ ಹೋಗಿ ಜಿಲೇಬಿ ತಂದರು. ನಾನು ಮೊಹರನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. “ಇದು ಯಾರೋ ಫಾರ್ವರ್ಡ್ ಮಾಡಿದ್ದು. ಮೂಲ ಬರಲಿ” ಎಂದೆ. ಜಿಲೇಬಿ ಅವರೊಬ್ಬರೇ ತಿಂದರು. ಮೂಲವೂ ಬಂತು. ಬಡ್ತಿಯ ಜೊತೆಗೇ ವರ್ಗವಾಗಿ ತೀರ್ಥಹಳ್ಳಿಗೆ ಹೊರಟ ದಿನ ಸಾಹೇಬರು ಕೈಮುಗಿದು “ಇನ್ನು ನೀವೂ ನಮ್ಮೋರು” ಎಂದು ಬೀಳ್ಕೊಟ್ಟರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಆ ‘ಇನ್ನು’ ಎಂಬುದನ್ನೇ ಅಗಿಯುತ್ತಿದ್ದೆ. ಹಾಗಾದರೆ ನಿನ್ನೆಯವರೆಗೆ ನಾನು ಯಾರವಳಾಗಿದ್ದೆ?

ತೀರ್ಥಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ಕಚೇರಿಯಲ್ಲಿ ನನ್ನ ಮೇಜಿನ ಎದುರಿಗೆ ತುಮರಿ ಕಡೆಯ ಹೆಣ್ಣುಮಗಳೊಬ್ಬಳು ಕೂರುತ್ತಿದ್ದಳು. ನನಗಿಂತ ಬಹಳ ಚಿಕ್ಕವಳು. ಕಾಲೇಜಿನಲ್ಲೇ ಬಿ.ಇ. ಓದಿ ನೇರ ಆಯ್ಕೆಯಾಗಿ ಬಂದವಳು. ಹುದ್ದೆ ನನ್ನದೇ, ಸಂಬಳದ ಶ್ರೇಣಿ ನನ್ನದೇ. ಬಂದ ಹೊಸದರಲ್ಲಿ ಅವಳು “ಮೇಡಂ, ಕಾಲೇಜಿಗೆ ಹೋಗ್ದೆ ಲ್ಯಾಬೆಲ್ಲ ಹೆಂಗ್ ಮಾಡಿದ್ರಿ?” ಎಂದು ಕೇಳಿದಳು. “ಮಾಡೋ ಹಂಗೆ ಮಾಡಿದ್ವಿ” ಎಂದು ಫೈಲಿನೊಳಗೆ ಮುಖ ಹಾಕಿದೆ. ಅವಳು ಟೈಪಿಸ್ಟಿಗೆ ಅಕ್ಕ ಎನ್ನುತ್ತಿದ್ದಳು, ನನಗೆ ಮೇಡಂ. ಅದನ್ನೂ ನಾನು ಗಮನಿಸಿಟ್ಟುಕೊಂಡೆ.

ಹೊಸ ಹುದ್ದೆಯಲ್ಲಿ ನನ್ನ ಮೊದಲ ಕೆಲಸ ಶಾಲೆಯ ಮಕ್ಕಳು ದಾಟುವ ಒಂದು ಕಾಲುಸಂಕ. ನಕ್ಷೆ ನಾನೇ ಬರೆದೆ. ಇದರಲ್ಲಿ ಯಾರಿಗೂ ಬೆರಳು ತೋರಿಸಲು ಜಾಗ ಇರಬಾರದು ಎಂದು ಹಟವಿತ್ತು. ಹಳ್ಳದ ನಡುವೆ ಒಂದು ಕಂಬ. ಕಂಬದ ಒಂದು ಬದಿಗೆ ಚೂಪು ಮೂಗು ಇಡುತ್ತೇವೆ. ಅದು ನೀರು ಬರುವ ಕಡೆಗೆ ಇದ್ದರೆ ಮಳೆಗಾಲದ ನೆರೆಯನ್ನು ಸೀಳಿ ಎರಡು ಕಡೆಗೆ ಕಳಿಸುತ್ತದೆ. ಕೆಲಸ ಶುರುವಾಗುವ ಹೊತ್ತಿಗೆ ನನಗೆ ಜ್ವರ ಬಂದು ಸಾಗರದ ಮನೆಯಲ್ಲಿ ಮಲಗಿದೆ. ಆ ವಾರ ಕೆಲಸ ನೋಡಿಕೊಂಡವಳು ಎದುರು ಮೇಜಿನ ಆ ತುಮರಿಯವಳು.

ಜ್ವರ ಬಿಟ್ಟು ಬಂದವಳು ಸೀದಾ ಹಳ್ಳದ ಹತ್ತಿರ ಹೋದೆ. ಕಂಬ ಆಗಲೇ ಮೇಲೆದ್ದಿತ್ತು. ನಕ್ಷೆ ಬಿಚ್ಚಿ ನೋಡಿದರೆ ಕಂಬದ ಮೂಗು ನಕ್ಷೆಯಲ್ಲಿ ಇದ್ದ ಕಡೆಗೆ ಇಲ್ಲ, ಅದರ ಎದುರು ದಿಕ್ಕಿಗಿದೆ.

“ಯಾರನ್ನ ಕೇಳಿ ತಿರುಗ್ಸಿದ್ರಿ?” ಎಂದು ಕಂಟ್ರಾಕ್ಟರನ್ನು ಹಿಡಿದೆ.

“ಆ ಮೇಡಂ ಬಂದು ಹಿಂಗೆ ಮಾಡಿ ಅಂದ್ರು” ಎಂದ.

ಬಾಯಿಗೆ ಬಂದದ್ದನ್ನು ಅನ್ನುವುದರಲ್ಲಿದ್ದೆ. ಕಾಲ ಬುಡದಲ್ಲಿ ಹಳ್ಳ ಸಣ್ಣಗೆ ಹರಿಯುತ್ತಿತ್ತು. ನಕ್ಷೆಯಲ್ಲಿ ನೀರು ಹರಿಯುವ ದಿಕ್ಕಿಗೆಂದು ನಾನು ಹಾಕಿದ್ದ ಬಾಣ ಎಡಕ್ಕಿತ್ತು, ಹಳ್ಳ ಬಲಕ್ಕೆ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ನಕ್ಷೆಯನ್ನು ಮಗುಚಿ ಕೂರಿಸುವಾಗ ಬಾಣ ತಿರುಗಿಹೋಗಿತ್ತು, ಅದನ್ನು ನಂಬಿ ನಾನು ಮೂಗನ್ನೂ ಆ ಕಡೆಗೇ ಇಟ್ಟಿದ್ದೆ. ನಾನು ಬರೆದಂತೆಯೇ ಕಟ್ಟಿದ್ದರೆ, ನೆರೆ ಬಂದು ಕಂಬದ ಬುಡ ಕೊರೆಯುವಾಗ ಮೇಲೆ ಮಕ್ಕಳು ಇರುತ್ತಿದ್ದರು.

ಇಷ್ಟಾದ ಮೇಲೆ ನಾಚಿಕೆಯಾಗಬೇಕಿತ್ತು. ನನಗೆ ಮೊದಲು ಬಂದದ್ದು ಅನುಮಾನ. ಇವಳು ನನ್ನ ತಪ್ಪನ್ನು ಯಾಕೆ ಮುಚ್ಚಿಟ್ಟುಕೊಂಡಿದ್ದಾಳೆ? ಬೇಕಾದಾಗ ತೆಗೆಯೋಣ ಎಂದೇ? ಇಷ್ಟು ಹೊತ್ತಿಗೆ ಮೇಲಿನವರ ಕಿವಿಗೆ ಬಿದ್ದಿರುತ್ತದೆ, ಬಸ್ಸಿನಲ್ಲಿ ಓದಿದವರ ಹಣೆಬರಹ ಇಷ್ಟೇ ಎಂದು ನಕ್ಕಿರುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಯಾರೂ ಏನೂ ಅನ್ನುವ ಮೊದಲೇ ಎರಡೂ ಹೆಗಲು ಒರೆಸಿಕೊಳ್ಳುತ್ತಾ ಕಚೇರಿಗೆ ಬಂದೆ.

“ಕಂಬ ತಿರುಗಿಸಿದ್ದು ಯಾರ್ಯಾರಿಗೆ ಹೇಳಿದ್ದೀರಿ?” ಎಂದು ನಿಂತೇ ಕೇಳಿದೆ.

“ಯಾರಿಗೂ ಇಲ್ಲ ಮೇಡಂ.”

“ನನಗೂ ಇಲ್ಲ.”

ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. “ಫೋನ್ ಮಾಡ್ಬೇಕು ಅಂತ ಎಷ್ಟು ಸಲ ತೆಗ್ದೆ ಗೊತ್ತಾ? ಹೆದ್ರಿಕೆ ಆಯ್ತು. ಬಿ.ಇ. ಅಂತ ದೊಡ್ಡಸ್ತಿಕೆ ತೋರಿಸೋಕೆ ಬಂದ್ಲು ಅಂದ್ಕೋತೀರಿ ಅಂತ. ಲ್ಯಾಬ್ ವಿಷಯ ಕೇಳಿದ್ದಕ್ಕೇ ನೀವು ಎಷ್ಟೋ ದಿನ ಸರಿಯಾಗಿ ಮಾತಾಡ್ಲಿಲ್ಲ. ನಂಗೆ ನಿಜವಾಗ್ಲೂ ತಿಳ್ಕೋಬೇಕಿತ್ತು, ಅದಕ್ಕೆ ಕೇಳಿದ್ದು. ಬೇರೆಯೋರಾಗಿದ್ರೆ ಅವತ್ತೇ ಫೋನ್ ಮಾಡಿ ಬೈತಿದ್ದೆ.”

ಬೇರೆಯವರಾಗಿದ್ದರೆ. ನಾನು ಕುರ್ಚಿ ಎಳೆದುಕೊಂಡು ಕೂತೆ. ಹೊಸನಗರದ ಸಾಹೇಬರು ನೆನಪಾದರು. ಆ ಹುಡುಗರನ್ನೆಲ್ಲ ಅಷ್ಟು ಬೈಯುತ್ತಿದ್ದ ಮನುಷ್ಯ ಬಾಗಿಲಲ್ಲಿ ಬಿಗಿದುಕೊಂಡು ನಿಂತ ನನ್ನ ಮುಖ ನೋಡಿ ಕೆಂಪು ಪೆನ್ನನ್ನು ಕೆಳಗಿಟ್ಟಿರಬಹುದೇ? ಆಮೇಲೆ ತಾವೇ ಹೋಗಿ ಸರಿ ಮಾಡಿಸಿರಬಹುದೇ? ಆ ತಾಲ್ಲೂಕಿನಲ್ಲಿ ನಾನು ಬರೆದ ಸಂಕಗಳು, ಮೋರಿಗಳು ಎಷ್ಟೋ ಇವೆ. ಅವುಗಳಲ್ಲಿ ಯಾವುವು ನನ್ನ ಬೆನ್ನ ಹಿಂದೆ ತಿರುಗಿದವೋ ನನಗೆ ತಿಳಿಯದು. ಈ ಅನುಮಾನ ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ ಅವಳ ಕಡೆ ತಳ್ಳಿದೆ. “ಗುರುತು ಹಾಕಿ” ಎಂದೆ. ಅವಳು ಪೆನ್ಸಿಲ್ ತೆಗೆದಳು. ಪೆನ್ಸಿಲ್ ಬೇಡ ಎಂದು ಡ್ರಾಯರಿನಿಂದ ಕೆಂಪು ಪೆನ್ನು ಕೊಟ್ಟೆ. ಹೆದರುತ್ತಲೇ ಬಾಣವನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ದಿಕ್ಕು ತಪ್ಪು’ ಎಂದು ಸಣ್ಣದಾಗಿ ಬರೆದಳು. ಬರೆದ ಮೇಲೆ ಅವಳಿಗೆ ಧೈರ್ಯ ಬಂತು.

“ಮೇಡಂ, ಈ ರೇಲಿಂಗ್ ಸರಳುಗಳ ನಡುವೆ ಜಾಗ ಜಾಸ್ತಿ ಆಯ್ತು. ಒಂದನೇ ಕ್ಲಾಸಿನ ಮಕ್ಕಳು ನುಸುಳ್ತಾವೆ” ಎಂದು ಅಲ್ಲೂ ಒಂದು ಗೀಟು ಎಳೆದಳು.

“ಅದು ಸರಿಯಾಗೇ ಇದೆ. ನೀವು ಅಳತೆ ತಪ್ಪು ಓದ್ತಿದೀರಿ.”

“ಇಲ್ಲ ಮೇಡಂ, ನೋಡಿ ಇಲ್ಲಿ.”

“ನೀವೇ ನೋಡಿ.”

ಚಹಾ ಬಂದು ಆರಿಹೋಯಿತು. ಟೈಪಿಸ್ಟು ಬಾಗಿಲಲ್ಲಿ ನಿಂತು ನಮ್ಮ ಜಗಳ ಕೇಳಿಸಿಕೊಂಡು ಹೋದಳು. ಸಂಜೆ ಕೋಣೆಗೆ ಬಂದು ಗಂಡನಿಗೆ ಫೋನ್ ಮಾಡಿದೆ.

“ನನ್ನ ನಕ್ಷೆಗೆ ಕೆಂಪು ಗೀಟು ಬಿತ್ತು” ಎಂದೆ.

ಅವರಿಗೆ ಗಾಬರಿಯಾಯಿತು. “ಎಷ್ಟು ಕಡೆ?”

“ಎರಡು ಕಡೆ. ಒಂದು ಕಡೆ ಅವಳದ್ದೇ ತಪ್ಪು.”