ಮನೆಯವರು ಏನು ಕೇಳಿದರು?

ನಮ್ಮ ಹೆಡ್‌ಮಾಸ್ತರರ ಬಲಗಿವಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಬೋರ್ಡಿನ ಮೇಲೆ ಬರೆದ ಕೈಯನ್ನೇ ಕಿವಿಯ ಹಿಂದೆ ಇಟ್ಟುಕೊಂಡು, ಅಷ್ಟೆತ್ತರದ ಮೈಯನ್ನು ಬಗ್ಗಿಸಿ ನಮ್ಮ ಮಾತು ಕೇಳುತ್ತಿದ್ದರು. ಸೀಮೆಸುಣ್ಣ ಅಲ್ಲೇ ಮೆತ್ತಿಕೊಳ್ಳುತ್ತಿತ್ತು. ಅವರಿಗೆ ಕಿವಿ ಮಂದವೆಂದು ಊರವರು ತಿಳಿದಿದ್ದರು. ಮಂದವೇನೂ ಇರಲಿಲ್ಲ. ನನ್ನಂಥ ಮೆಲುದನಿಯವರು ಬಾಯಿ ಬಿಟ್ಟಾಗ ಮಾತ್ರ ಆ ಕೈ ಮೇಲೇಳುತ್ತಿತ್ತು.

ಮಕ್ಕಳೇ, ಅಜ್ಜಿ ಓದಿದ್ದು ಎಲ್ಲಿ ಎಂದು ನೀವು ಕೇಳುತ್ತಲೇ ಇರುತ್ತೀರಿ. ದಂಡಿಗನಹಳ್ಳಿ ಹೋಬಳಿಯ ನಮ್ಮೂರ ಮಿಡ್ಲ್ ಸ್ಕೂಲಿನಲ್ಲಿ. ಮಹಾರಾಜರ ಕಾಲ. ಹೆಂಚಿನ ಎರಡು ಕೋಣೆ, ಮುಂದೊಂದು ಹೊಂಗೆ ಮರ. ಹುಡುಗಿಯರು ನಾವು ಮೂವರೇ. ಅಂಥ ಶಾಲೆ ಸುತ್ತಮುತ್ತ ಎಲ್ಲೂ ಇರಲಿಲ್ಲ ಎಂದು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇನೆ.

ಅಲ್ಲಿ ಒಂದು ಪದ್ಧತಿಯಿತ್ತು. ಹಗಲು ಕಲಿತದ್ದನ್ನು ಸಂಜೆ ಮನೆಯಲ್ಲಿ ಓದು ಬಾರದ ಒಬ್ಬರಿಗೆ ಹೇಳಿಕೊಡಬೇಕು. ಬೆಳಿಗ್ಗೆ ಮೇಷ್ಟ್ರು ಪಾಠ ಒಪ್ಪಿಸಿರಿ ಎನ್ನುತ್ತಿರಲಿಲ್ಲ. "ಮನೆಯವರು ಏನು ಕೇಳಿದರು?" ಎನ್ನುತ್ತಿದ್ದರು. ಪಾಠ ಕೇಳಿಸಿಕೊಂಡವರು ಪ್ರಶ್ನೆ ಹಾಕಲಿಲ್ಲವೆಂದರೆ ನೀವು ಸರಿಯಾಗಿ ಹೇಳಿಲ್ಲ ಎಂಬುದು ಅವರ ಲೆಕ್ಕ.

ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, "ನಮ್ಮನೇಲಿ ಯಾರೂ ಕೇಳಾಕಿಲ್ಲ ಸಾ. ಎತ್ತಿಗೆ ಯೋಳ್ದೆ" ಎಂದ.

"ಎತ್ತು ಏನು ಕೇಳಿತು?"

"ಹುಲ್ಲು ಕೇಳ್ತು ಸಾ."

ನಾವೆಲ್ಲ ನಕ್ಕೆವು, ಅವರೂ ನಕ್ಕರು. ಆಮೇಲೆ ನಮ್ಮನ್ನು ಕೆರೆ ಏರಿಗೆ ಕರೆದುಕೊಂಡು ಹೋಗಿ, ಮಧ್ಯಾಹ್ನದವರೆಗೆ ಹುಲ್ಲಿನ ಪಾಠವನ್ನೇ ಮಾಡಿದರು.

ನನ್ನ ಶಿಷ್ಯೆ ನಮ್ಮ ಅವ್ವ. ಅವಳು ರಾಗಿ ಬೀಸುತ್ತಿರುವಾಗ ನಾನು ಪಕ್ಕದಲ್ಲಿ ಕೂತು ಹೇಳುತ್ತಿದ್ದೆ. ಹೇಮಾವತಿ ಹೊಳೆಯ ಪಾಠವಾದ ದಿನ ನೆಲದ ಮೇಲೆ ಹಿಟ್ಟು ಚೆಲ್ಲಿ ಬೆರಳಿನಿಂದ ಹೊಳೆ ಎಳೆದೆ. ಅವ್ವನ ತವರು ಹೊಳೆನರಸೀಪುರ. ತನ್ನ ಊರು ಎಲ್ಲಿ ಬರುತ್ತದೆ ಎಂದು ಕೇಳಿದಳು. ತೋರಿಸಿದೆ. ಅಲ್ಲಿ ಬೆರಳಿಟ್ಟು, ಹೊಳೆಯ ಗುಂಟ ಮೇಲಕ್ಕೂ ಕೆಳಕ್ಕೂ ಎಳೆದು ನೋಡಿದಳು. ಕೊನೆಗೆ, "ಅಲ್ಲ ಕಣವ್ವ, ನೀರೆಲ್ಲ ಇಂಗೆ ಇಳ್ದೋಯ್ತಾನೇ ಇದ್ರೆ ಮ್ಯಾಲಿಂದು ಯಾಕೆ ಮುಗಿಯಾಕಿಲ್ಲ?" ಎಂದಳು.

ಮಾರನೆಯ ದಿನ ನನ್ನ ಸರದಿ ಬಂದಾಗ ದನಿ ಹೊರಡಲಿಲ್ಲ. ಹಿಂದಿನ ಸಾಲಿನಿಂದ, "ಇವ್ಳ ಬಾಯಿಗೆ ಬೀಗ ಆಕವ್ರೆ ಕಣ್ಲಾ" ಎಂಬ ಮಾತು ಬಂತು. ಮೇಷ್ಟ್ರು ಅತ್ತ ನೋಡಲೂ ಇಲ್ಲ. ಬಗ್ಗಿ, ಕಿವಿಯ ಹಿಂದೆ ಕೈಯಿಟ್ಟು ಕಾದರು. ಅವ್ವನ ಪ್ರಶ್ನೆಯನ್ನು ಆ ಕಿವಿಗೆ ಹೇಳಿದೆ. ಅವರು ನೆಟ್ಟಗೆ ನಿಂತು, ಅದನ್ನು ಇಡೀ ತರಗತಿಗೆ ಕೇಳುವಂತೆ ಹೇಳಿ, "ಇದನ್ನು ಕೇಳಿದವರು ಇವಳ ತಾಯಿ" ಎಂದರು. ಹೊಂಗೆ ಮರದ ಕೆಳಗೆ ಮೂರು ಕಲ್ಲು ಹೂಡಿ ನೀರು ಕಾಯಿಸಿದರು. ಆವಿಯ ಮೇಲೆ ತಣ್ಣನೆಯ ಕಂಚಿನ ತಟ್ಟೆ ಹಿಡಿದು, ಹನಿ ಬೀಳುವುದನ್ನು ತೋರಿಸಿದರು. ಸಂಜೆ ಮನೆಯಲ್ಲಿ ಅವ್ವ ತಾನೇ ತಟ್ಟೆ ಹಿಡಿದು ನೋಡಿದಳು. ಆವತ್ತಿನಿಂದ ನನ್ನ ಬಾಯಿಗೆ ಬೀಗವಿದೆ ಎಂದು ಯಾರೂ ಅನ್ನಲಿಲ್ಲ.

ಕೊನೆಯ ತರಗತಿಯಲ್ಲಿದ್ದಾಗ ನಾನು ಮೈನೆರೆದೆ. ಗಂಡುಹುಡುಗರ ಜೊತೆ ಕೂತದ್ದು ಸಾಕು, ಇನ್ನು ಮನೆಯಲ್ಲಿರಲಿ ಎಂದು ಅಪ್ಪ ತೀರ್ಮಾನ ಮಾಡಿದ. ಪರೀಕ್ಷೆ ಹತ್ತಿರದಲ್ಲಿತ್ತು. ಪುಸ್ತಕಗಳನ್ನು ಗೂಡಿನಲ್ಲಿಟ್ಟು ಅತ್ತೆ. ಅವ್ವ ಅಪ್ಪನಿಗೆ ಎದುರಾಡಿದವಳೇ ಅಲ್ಲ.

ವಾರ ಕಳೆದ ಮೇಲೆ ಒಂದು ಸಂಜೆ ಮೇಷ್ಟ್ರು ನಮ್ಮ ಜಗಲಿಗೆ ಬಂದು ಕೂತರು. ಅಪ್ಪ ನೀರು, ಬೆಲ್ಲ ಕೊಟ್ಟ. ಏನು ಕೇಳಿದರೂ ಆಗುವುದಿಲ್ಲ ಎನ್ನಲು ಸಿದ್ಧನಾಗಿಯೇ ಇದ್ದ.

"ಗೌಡರೇ, ನಿಮ್ಮ ಮಗಳನ್ನು ಕಳಿಸಿ ಎಂದು ಕೇಳುವುದಕ್ಕೆ ಬಂದಿಲ್ಲ. ಈ ಮನೆಯಿಂದ ಪ್ರಶ್ನೆ ಬಂದು ವಾರವಾಯಿತು. ಇದ್ದರೆ ತೆಗೆದುಕೊಂಡು ಹೋಗೋಣ ಎಂದು ಬಂದೆ."

ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಮೇಷ್ಟ್ರು ಬಾಗಿಲಿನತ್ತ ಸ್ವಲ್ಪ ವಾಲಿ, ಕಿವಿಯ ಹಿಂದೆ ಕೈಯಿಟ್ಟರು. ಒಳಗೆ ನಾನು ಅವ್ವನ ಪಕ್ಕದಲ್ಲೇ ನಿಂತಿದ್ದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಪರಗಂಡಸರ ಮುಂದೆ ಎಂದೂ ದನಿ ಎತ್ತದವಳು ಬಾಗಿಲ ಮರೆಯಿಂದಲೇ ಕೇಳಿದಳು:

"ಮಗಳು ಮನೇಲಿ ಕುಂತ್ರೆ ನಂಗೆ ಪಾಟ ಯೋಳ್ಕೊಡೋರ್ಯಾರು ಸಾಮಿ?"

"ಇದಕ್ಕೆ ಉತ್ತರ ನನಗೆ ಗೊತ್ತಿಲ್ಲ ತಾಯಿ. ಗೌಡರೇ ಹೇಳಬೇಕು" ಎಂದು ಮೇಷ್ಟ್ರು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡರು.

ಅಪ್ಪ ಒಮ್ಮೆ ಬಾಗಿಲು ನೋಡಿದ, ಒಮ್ಮೆ ಮೇಷ್ಟ್ರನ್ನು ನೋಡಿದ. "ಒಬ್ಳೇ ಓದ್ತಾವ್ಳೆ ಅಂದ್ಕಂಡಿದ್ದೆ ಮೇಷ್ಟ್ರೇ. ಇಬ್ರಾ?" ಎಂದ. ಬೆಲ್ಲವನ್ನು ಅವರತ್ತ ಇನ್ನಷ್ಟು ಸರಿಸಿ, "ಪರೀಕ್ಷೆಗಂಟ ಓಗ್ಲಿ ಬುಡಿ" ಎಂದ.

ಚನ್ನರಾಯಪಟ್ಟಣದಲ್ಲಿ ಪರೀಕ್ಷೆ. ಅಪ್ಪನೇ ಗಾಡಿ ಕಟ್ಟಿಕೊಂಡು ಕರೆದೊಯ್ದ. ಪಾಸಾದೆ. ನಿಮ್ಮ ತಾತ ತೀರಿಕೊಂಡ ಮೇಲೆ ಹೊಲ, ಕೋರ್ಟು, ಮಕ್ಕಳ ಓದು ಎಲ್ಲವನ್ನೂ ಇನ್ನೊಬ್ಬರ ಮುಖ ನೋಡದೆ ನಡೆಸಿದೆನಲ್ಲ, ಅದಕ್ಕೆ ಧೈರ್ಯ ಬಂದದ್ದು ಆ ಎರಡು ಕೋಣೆಗಳಿಂದ.

ಮೇಷ್ಟ್ರು ತೀರಿಕೊಂಡಾಗ ನಾನು ಚೊಚ್ಚಲ ಬಾಣಂತನ ಮುಗಿಸಿ ಇನ್ನೂ ತವರಿನಲ್ಲಿದ್ದೆ. ಅವರನ್ನು ಶಾಲೆಯ ಜಗಲಿಯ ಮೇಲೆ ಮಲಗಿಸಿದ್ದರು. ಕಿವಿಯಲ್ಲಿ ಸೀಮೆಸುಣ್ಣವಿರಲಿಲ್ಲ. ಅದನ್ನು ಕಂಡೇ ನನಗೆ ಅಳು ಬಂತು. ಅದುವರೆಗೆ ಶಾಲೆಯ ಮೆಟ್ಟಿಲು ತುಳಿಯದಿದ್ದ ಅವ್ವ, ಗಂಡಸರ ಗುಂಪನ್ನು ಸರಿಸಿಕೊಂಡು ಹೋಗಿ ಅವರ ಪಾದ ಮುಟ್ಟಿದಳು. ಅರಕಲಗೂಡಿನಿಂದ ಬಂದಿದ್ದ ಅವರ ಬಂಧುವೊಬ್ಬರು, ಇವರು ನಿಮಗೆ ಏನಾಗಬೇಕಿತ್ತಮ್ಮ ಎಂದು ವಿಚಾರಿಸಿದರು.

ಅಷ್ಟು ವರ್ಷವೂ ಅವ್ವ ನನ್ನೊಡನೆ ಅವರನ್ನು 'ನಿಮ್ಮ ಮೇಷ್ಟ್ರು' ಎಂದೇ ಅನ್ನುತ್ತಿದ್ದಳು. ಆವತ್ತು ಎಲ್ಲರಿಗೂ ಕೇಳುವಂತೆ ಹೇಳಿದಳು: "ನನ್ ಮೇಷ್ಟ್ರು."