ಬಾನೆಟ್ಟಿನ ಮೇಲೊಂದು ದಾಸವಾಳ

ಸ್ನೇಹಿತರೇ, ಇವತ್ತು ನಮ್ಮನೆಯ ಬಂಗುಡೆ ಸಾರು ತಪ್ಪಿದ್ದು ಒಂದು ದಾಸವಾಳದಿಂದ.

ಹಬ್ಬುವಾಡದ ಉಪ್ಪುಗಾಳಿಗೆ ಮಂಕು ಹಿಡಿದಿದ್ದ ನನ್ನ ಹಳೆಯ ಕೆಂಪು ಕಾರಿಗೆ ಬೆಳಿಗ್ಗೆಯಿಂದ ಹೊಳಪು ತರುವ ರಬ್ಬಿಂಗ್ ಕಂಪೌಂಡ್ ಹಚ್ಚಿ ಉಜ್ಜಿ, ಮೇಲೆ ವ್ಯಾಕ್ಸ್ ತಿಕ್ಕಿದೆ. ತಿಕ್ಕುತ್ತಾ ತಿಕ್ಕುತ್ತಾ ಬಾನೆಟ್ಟಿನೊಳಗೆ ಆಕಾಶ ಇಳಿಯಿತು. ತೆಂಗಿನ ಗರಿ ಅಲ್ಲಾಡಿತು, ಒಂದು ಮೋಡ ವೈಪರಿನ ತನಕ ತೇಲಿ ಬಂತು. ಬೇಲಿಯ ದಾಸವಾಳವೊಂದು ಉದುರಿ ಬಾನೆಟ್ಟಿನ ಮೇಲೆ ಬಿತ್ತು. ತೆಗೆಯಲು ಮನಸ್ಸಾಗಲಿಲ್ಲ. ಆ ಮೋಡದ ಪಕ್ಕದಲ್ಲೇ ಒಂದು ಮೀನಿನ ಬುಟ್ಟಿಯೂ ತಲೆಕೆಳಗಾಗಿ ಸುಮ್ಮನೆ ತೇಲಿ ಹೋಯಿತು. ಎಷ್ಟು ಚೆಂದ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಹೆಂಡತಿ ಹೊರಬಂದಳು. "ಮಸಾಲೆ ರುಬ್ಬಿ ಆಯ್ತು. ಗಿರಿಜಕ್ಕ ಇನ್ನೂ ಬರಲಿಲ್ವಾ?"

ದಿನಾ ಗೇಟಿನಲ್ಲಿ ನಿಂತು ಕೂಗುವ ಮೀನಿನ ಗಿರಿಜಕ್ಕ ಅಷ್ಟರಲ್ಲಿ ಖಾಲಿ ಬುಟ್ಟಿ ಹಿಡಿದು ವಾಪಸು ಬರುತ್ತಿದ್ದಳು. ಇವತ್ತು ಯಾಕೆ ಕೂಗಲಿಲ್ಲ ಎಂದು ಕೇಳಿದೆ.

"ಹೊಸ ಗಾಡಿ ತಂದೀರಿ, ಮೇಲೆ ಹೂವೂ ಅದೆ. ಪೂಜೆ ದಿನ ಮನೆ ಎದುರಿಗೆ ಮೀನು ಮೀನು ಅಂತ ಕೂಗೂಕೆ ಆಗ್ತದಾ ತಮಾ?"

"ಹಳೇದೇ ಅಕ್ಕಾ. ತಿಕ್ಕಿದ್ದಷ್ಟೇ."

ಅವಳು ಬಗ್ಗಿ ನೋಡಿದಳು. ಬಾನೆಟ್ಟಿನಲ್ಲಿ ತನ್ನ ಮುಖ ಕಂಡು ಕೂದಲು ಸರಿಮಾಡಿಕೊಂಡಳು. "ಹಂಗಾದ್ರೆ ನಾಳೆ ಗುರ್ತು ಸಿಗೂ ಹಂಗೆ ಇಡು."

ರುಬ್ಬಿದ ಮಸಾಲೆಗೆ ಬಟಾಟೆ ಬಿತ್ತು. ನಾಳೆ ಗಿರಿಜಕ್ಕ ಬರುವ ಮೊದಲು ಬಾನೆಟ್ಟಿನ ಮೇಲೆ ಒಂದು ಮುಷ್ಟಿ ಮಣ್ಣು ಎರಚಬೇಕೆಂದು ಹೆಂಡತಿಯ ಅಪ್ಪಣೆಯಾಗಿದೆ. ಆಕಾಶಕ್ಕೆ ಮಣ್ಣು ಎರಚಲು ಕೈ ಬರುತ್ತಿಲ್ಲ. ಬಂಗುಡೆಯ ಆಸೆಯೂ ಬಿಡುತ್ತಿಲ್ಲ.