ಹುಲುಗಪ್ಪ ವಾಲಿಬಾಲ್ ಆಡಿರಲಿಲ್ಲ

ಸೊಂಟದೊಳಗೆ ಕಟಕ್ ಎಂದಿತು. ಕಿವಿಗೆ ಕೇಳುವಷ್ಟು ಜೋರಾಗಿ.

ಗಡಿಯ ಎತ್ತರದ ಪೋಸ್ಟಿಗೆ ಜನರೇಟರ್ ಸಾಗಿಸುತ್ತಿದ್ದೆವು. ನಾಲ್ವರು ಹೊರಬೇಕಾದದ್ದನ್ನು ಇಬ್ಬರು ಹೊತ್ತಿದ್ದೆವು. ಹಿಮ ಬೀಳುತ್ತಿದೆ, ನಾಳೆ ಒಯ್ಯೋಣ ಎಂದು ಬೆಳಿಗ್ಗೆಯೇ ಹೇಳಿದ್ದೆ. "ನಾಳೆ ಅನ್ನಾವ ಫೌಜಿಗೆ ಯಾಕ ಬಂದ್ಯೋ?" ಎಂದರು ಸೂಬೇದಾರ್ ಪಂಪನಗೌಡರು. ಅವರು ಕಂಪ್ಲಿಯವರು. ನಮ್ಮ ಕಡೆಯವರೆಂದು ನಾನು ಅವರನ್ನು ಅಣ್ಣಾ ಎಂದೇ ಕರೆಯುತ್ತಿದ್ದೆ.

ಕಾಲು ಜಾರಿತು. ಭಾರವೆಲ್ಲ ನನ್ನ ಮೇಲೆ ಬಂತು.

ಮಿಲಿಟರಿ ಆಸ್ಪತ್ರೆಯಲ್ಲಿ ನನಗೆ ಪೂರ್ತಿ ಎಚ್ಚರವಾಗುವಷ್ಟರಲ್ಲಿ ಕಾಗದ ತಯಾರಾಗಿತ್ತು. ಬಿಡುವಿನ ವೇಳೆಯಲ್ಲಿ ವಾಲಿಬಾಲ್ ಆಡುವಾಗ ಬಿದ್ದು ಆದ ಗಾಯ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಸೂಬೇದಾರರ ಸಹಿ. ನನ್ನ ಜೊತೆ ಹೊತ್ತಿದ್ದ ಜವಾನನೂ ಅವರು ತೋರಿಸಿದ ಕಡೆ ಸಹಿ ಹಾಕಿದ್ದ.

ವಾಲಿಬಾಲ್.

ಅಂದಿನಿಂದ ನನ್ನ ಬಾಯಲ್ಲಿ ಸೂಬೇದಾರ 'ಅವರು' ಹೋಗಿ 'ಅವನು' ಆದ.

ಬೆನ್ನುಮೂಳೆಯ ಎಲ್ಫೋರ್ ಎಲ್ಫೈವ್ ಡಿಸ್ಕ್ ಎಂದರು ಡಾಕ್ಟರು. ಆಪರೇಶನ್ ಆಯಿತು. ಮೆಡಿಕಲ್ ಬೋರ್ಡ್ ಮನೆಗೆ ಕಳಿಸಿತು. ಸಂಡೂರು ಕಡೆಯ ನಮ್ಮೂರು ವಡ್ಡಿಗೆ ಬಂದೆ. ನನ್ನ ಹೆಂಡತಿ ಈರಮ್ಮನ ತಮ್ಮ ಸಾಲಿ ಮಾಸ್ತರ. ಕಾಗದವನ್ನು ಅವನೇ ಎಲ್ಲರ ಮುಂದೆ ಓದಿ ಕನ್ನಡದಲ್ಲಿ ಹೇಳಿದ. "ಮಾವ, ಗುಂಡು ತಿಂದು ಬರ್ತೀ ಅಂದ್ರ ಚೆಂಡು ಆಡಾಕ ಹೋಗಿ ಬಿದ್ಯಾ?" ಎಂದು ನಕ್ಕ. ಎಲ್ಲರೂ ನಕ್ಕರು. ಈರಮ್ಮ ನಗಲಿಲ್ಲ. ಆದರೆ ಕಾಗದವನ್ನು ನಂಬಿದಳು.

ಮುಂದಿನ ಹನ್ನೊಂದು ವರ್ಷ ನಾನು ಯಾವುದಕ್ಕೂ ಬಗ್ಗಲಿಲ್ಲ. ಬಗ್ಗಲು ಆಗುತ್ತಿರಲಿಲ್ಲ. ಸೊಂಟದಿಂದ ಎಡ ಹಿಮ್ಮಡಿಯವರೆಗೆ ಕಾದ ತಂತಿ ಎಳೆದಂತೆ ಉರಿ. ನೆಲದ ಮೇಲೆ ಕೂತು ಉಣ್ಣುವುದು ನಿಂತಿತು. ಸ್ಟೂಲಿನ ಮೇಲೆ ಕೂತು ಸ್ನಾನ, ಪಾದ ತೊಳೆಯಲು ಈರಮ್ಮ. ನೋವಿನ ಮಾತ್ರೆ, ಆ ಮಾತ್ರೆಯಿಂದ ಕೆಟ್ಟ ಹೊಟ್ಟೆಗೆ ಇನ್ನೊಂದು ಮಾತ್ರೆ. ಅದಿರು ಲಾರಿಗಳು ಅಗೆದುಹಾಕಿದ ರಸ್ತೆಯಲ್ಲಿ ಬಸ್ಸು ಒಮ್ಮೆ ಕುಣಿದರೆ ನನಗೆ ಎರಡು ದಿನ ಹಾಸಿಗೆ. ಒಮ್ಮೆ ಸಾರು ಆರಿದೆ ಎಂದು ತಾಟು ಎಸೆದೆ. ಆಮೇಲೆ ಮಗಳು ನನ್ನ ಕೋಣೆಗೆ ಬರುವ ಮುನ್ನ ಬಾಗಿಲಲ್ಲಿ ನಿಂತು ಮುಖ ನೋಡುವುದನ್ನು ಕಲಿತಳು.

ಅದೇ ದಿನಗಳಲ್ಲಿ ಸಂಡೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಪಂಪನಗೌಡನನ್ನು ಕಂಡೆ. ಬಿಳಿ ಜೀಪಿನಿಂದ ಇಳಿಯುತ್ತಿದ್ದ. ಗಣಿಗಳ ಗೇಟಿಗೆ ಗಾರ್ಡುಗಳನ್ನು ಒದಗಿಸುವ ಏಜೆನ್ಸಿ ನಡೆಸುತ್ತಿದ್ದಾನೆ ಎಂದು ಚಹಾದಂಗಡಿಯವನು ಹೇಳಿದ. ಎಲ್ಲರೂ ಕೆಂಪು ಧೂಳಿನಲ್ಲಿ ಮುಳುಗಿದ್ದರು, ಅವನ ಅಂಗಿ ಮಾತ್ರ ಇಸ್ತ್ರಿ ಹಾಕಿದ್ದು.

ಅಂದಿನಿಂದ ನನಗೊಂದು ಕೆಲಸ ಸಿಕ್ಕಿತು. ಯಾವ ವಾರ ಯಾವ ಗೇಟಿಗೆ ಬರುತ್ತಾನೆ, ಎಲ್ಲಿ ಜೀಪು ಬಿಟ್ಟು ನಡೆಯುತ್ತಾನೆ ಎಂದು ಕೇಳಿ ತಿಳಿದುಕೊಂಡೆ. ಅವನ ಸೊಂಟವನ್ನು ಯಾವ ಜಾಗದಲ್ಲಿ, ಯಾವುದರಿಂದ ಮುರಿಯಬೇಕೆಂದು ಮಲಗಿದಲ್ಲೇ ಲೆಕ್ಕ ಹಾಕುತ್ತಿದ್ದೆ. ಆ ಹೊತ್ತು ಹಾಯೆನಿಸುತ್ತಿತ್ತು. ಆಮೇಲೆ ಹಲ್ಲು ಕಚ್ಚಿ ಕಚ್ಚಿ ದವಡೆಯೂ ನೋಯುತ್ತಿತ್ತು.

ಹೊಸಪೇಟೆಯ ಡಾಕ್ಟರು ಹೊಸ ಎಂಆರ್‌ಐ ನೋಡಿ ತಲೆ ಆಡಿಸಿದರು. "ಇನ್ನ ಕೊಯ್ಯೋದು ಏನೂ ಇಲ್ರಿ. ಟಿ.ಬಿ. ಡ್ಯಾಂ ಕಡೆ ಒಬ್ರು ಕೌನ್ಸೆಲರ್ ಬರ್ತಾರ, ನೋವು ಇರೋ ಮಾಜಿ ಸೈನಿಕರಿಗೇ. ಹೋಗಿ ಮಾತಾಡ್ರಿ."

"ನಾ ಹುಚ್ಚ ಅಲ್ರಿ."

"ಹುಚ್ಚರನ್ನ ಅಲ್ಲಿಗೆ ಕಳಿಸಂಗಿಲ್ರಿ."

ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನ ಸಾಲಿನಲ್ಲಿ ಒಂದು ಹಳೆಯ ಕೋಣೆ. ಪ್ರತಿ ಮಂಗಳವಾರ ಆರು ಮಂದಿ ಮಾಜಿ ಸೈನಿಕರು. ಧಾರವಾಡ ಕಡೆಯ ವಿದ್ಯಾ ಮೇಡಂ ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಅಷ್ಟೇ. ಮೊದಲ ದಿನವೇ ಕೇಳಿದೆ, "ಮಾತಾಡಿದ್ರ ಹೋಗೋದಾದ್ರ ನನ್ನ ನೋವು ಸುಳ್ಳು ಅಂತಲೋ?"

"ನೋವು ಖರೇನ ಅದರಿ," ಎಂದರು. "ಗಾಯ ಮಾಯ್ದ ಮ್ಯಾಲೂ ನರ ಕೂಗೋದು ನಿಲ್ಲಿಸಿಲ್ಲ. ಸಿಟ್ಟಿನಾಗ ಇದ್ರ ಇನ್ನಾ ಜೋರ ಕೂಗತಾವ. ನೋವು ಹೋಗ್ತದ ಅಂತ ನಾ ಹೇಳಂಗಿಲ್ಲ. ಅದರ ಜೋಡಿ ಇರೋದನ್ನ ಕಲಿಯೂಣು."

ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಕೋಣೆಗೆ ಇದ್ದ ನಿಯಮ ಅದೊಂದೇ. ನಾನು ಹಿಮ ಎಂದೆ, ಜನರೇಟರ್ ಎಂದೆ. ಅವನ ಹೆಸರನ್ನು ಮಾತ್ರ ಹೇಳಲಿಲ್ಲ. ಅದು ನನಗೆ ಬೇರೆ ಕೆಲಸಕ್ಕೆ ಬೇಕಾಗಿತ್ತು.

ಐದನೆಯ ಮಂಗಳವಾರ ಅವನೇ ಒಳಗೆ ಬಂದ.

ಕೋಲು ಊರಿಕೊಂಡು ಬಂದ. ಅದೇ ಹಿಮ ಅವನ ಎರಡು ಕಾಲ್ಬೆರಳು ತಿಂದಿತ್ತಂತೆ. ಇಲ್ಲದ ಬೆರಳುಗಳು ಉರಿಯುತ್ತವೆ, ಶೂ ಹಾಕಲು ಆಗುವುದಿಲ್ಲ ಎಂದ. ನನ್ನನ್ನು ನೋಡಿ, ನಿನ್ನೆ ಭೇಟಿಯಾದವನಂತೆ, "ಏನ್ ಹುಲುಗಪ್ಪ, ಆರಾಮಾ?" ಎಂದ.

ನಾನು ತಲೆ ಆಡಿಸಿದೆ. ಮೂರು ವಾರ ಬಾಯಿ ಬಿಡಲಿಲ್ಲ. ಹೊಂಚು ಹಾಕುವುದನ್ನು ಫೌಜು ಚೆನ್ನಾಗಿ ಕಲಿಸಿತ್ತು.

ನಾಲ್ಕನೆಯ ವಾರ ಅವನಾಗಿಯೇ ಸಿಕ್ಕಿದ. "ನನ್ನ ಜವಾನರನ್ನ ಮಕ್ಕಳಂಗ ನೋಡಿಕೊಂಡೆ ಮೇಡಂ. ಅವರನ್ನ ನೆನಸಿದ್ರ ಕಾಲುರಿ ಮರ್ತು ಹೋಗ್ತೈತಿ."

ನಾನು ಎದ್ದು ನಿಂತೆ. ಪರೇಡಿನ ಸಾವಧಾನದಲ್ಲಿ, ನೆಟ್ಟಗೆ ನಿಂತೆ.

"ಸೂಬೇದಾರ್ ಸಾಬ್, ಒಂದು ಮಾತು. ಅವತ್ತಿನ ವಾಲಿಬಾಲ್ ಮ್ಯಾಚಿನಾಗ ನಾ ಎಲ್ಲಿ ನಿಂತಿದ್ದೆ? ನೆಟ್ಟಿನ ಹತ್ರನೋ, ಹಿಂದನೋ?"

ಅವನು ಮೇಡಂ ಕಡೆ ನೋಡಿದ.

"ಸೊಂಟದ ಮಟ ಹಿಮ. ಕಂಬ ಎಲ್ಲಿ ಹುಗಿದಿದ್ವಿ ಸಾಬ್? ಸ್ಕೋರ್ ಎಷ್ಟಿತ್ತು? ಜನರೇಟರ್ ಯಾರ ಕಡೆ ಆಡತಿತ್ತು?"

ಗುಂಪಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಖಾದರ್ ಸಾಬ್ ಒಮ್ಮೆ ಪಕ್ಕನೆ ನಕ್ಕು, ಅರ್ಥವಾದ ಕೂಡಲೇ ನಗು ನಿಲ್ಲಿಸಿದರು. ಮೇಡಂ "ಹುಲುಗಪ್ಪನವ್ರ, ಕುಂದರ್ರಿ" ಎಂದರು. ನಾನು ಕೂರಲಿಲ್ಲ. ಕಾಗದದಲ್ಲಿದ್ದ ಸಾಲನ್ನು ಒಂದಕ್ಷರ ಬಿಡದೆ ಹೇಳಿದೆ. ನಮ್ಮ ಮನೆಯಲ್ಲಿ ನಕ್ಕವರ ಹೆಸರು ಹೇಳಿದೆ. ಅವನ ತುಟಿ ಅದುರುವುದನ್ನು ಕಣ್ಣು ಮಿಟುಕಿಸದೆ ನೋಡಿದೆ. ಅವನು ಕೋಲು ಹುಡುಕಿ ಎದ್ದು ಹೋದ. ಬಾಗಿಲ ಹೊಸ್ತಿಲಿಗೆ ಎಡವಿದ. ಹಿಡಿಯಲು ನನ್ನ ಕೈ ಏಳಲಿಲ್ಲ.

ಅಂದು ನಾಲ್ಕು ರೊಟ್ಟಿ ತಿಂದೆ. ಮೂರು ದಿನ ಹೂವಿನಂತೆ ಇದ್ದೆ.

ನಾಲ್ಕನೆಯ ದಿನ ತಂತಿ ಮತ್ತೆ ಕಾಯಿತು. ಅದೇ ಜಾಗ. ಅದೇ ಉರಿ.

ಮುಂದಿನ ಮಂಗಳವಾರ ಅವನು ಬರಲಿಲ್ಲ. ಮೇಡಂ ನನ್ನೊಬ್ಬನನ್ನೇ ಉಳಿಸಿಕೊಂಡರು. "ಈ ಖೋಲಿ ಯಾರನ್ನೂ ಹೊಡಿಯೋ ಜಾಗ ಅಲ್ರಿ. ಅವರೂ ನೋವು ತಗೊಂಡ ಬಂದಿದ್ರು. ನಾ ಜಲ್ದಿ ತಡೀಬೇಕಿತ್ತು, ನಂದೂ ತಪ್ಪದ."

"ನಂಗ ಒಂಚೂರೂ ಬೇಜಾರಿಲ್ಲ ಮೇಡಂ."

"ಇರಲಿ. ಈಗ ಅವರ ಹೆಸರ ತಗೀಲಾರದಂಗ, ಅವತ್ತಿಂದು ಮತ್ತ ಹೇಳ್ರಿ."

ಶುರು ಮಾಡಿದೆ. ಎರಡು ಮಾತಿಗೆ ನಿಂತೆ. ಅವನನ್ನು ತೆಗೆದರೆ ನನ್ನ ಕಥೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಹನ್ನೊಂದು ವರ್ಷ ನನ್ನ ಸೊಂಟದೊಳಗೆ ನನಗಿಂತ ಹೆಚ್ಚಾಗಿ ಅವನೇ ವಾಸವಾಗಿದ್ದ ಎಂಬುದು ಆಗ ಹೊಳೆಯಿತು, ಹೊಳೆದದ್ದಕ್ಕೂ ಅವನ ಮೇಲೆಯೇ ಸಿಟ್ಟು ಬಂತು. ಕೊನೆಗೆ ಬಾಯಿಂದ ಬಂದದ್ದು, ನಾನು ಯಾರಿಗೂ ಹೇಳದಿದ್ದದ್ದು. ಸ್ಟ್ರೆಚರ್ ಬರುವವರೆಗೆ ನಾನು ಹಿಮಗಡ್ಡೆಯ ಮೇಲೆ ಮುಖ ಒತ್ತಿ ಅತ್ತಿದ್ದೆ. ಅವ್ವಾ ಎಂದು ಕೂಗಿದ್ದೆ. ಒದ್ದೆ ಮಾಡಿಕೊಂಡಿದ್ದೆ. ಇನ್ನು ಮಗಳನ್ನು ಎತ್ತಿಕೊಳ್ಳಲಾರೆ ಎಂದು ಆಗಲೇ ಗೊತ್ತಾಗಿತ್ತು.

ಆ ಕೋಣೆಯಲ್ಲಿ ಮತ್ತೆ ಅತ್ತೆ. ನಿಧಾನ ಉಸಿರು ಬಿಡುವುದನ್ನು, ನೋವು ಏರುವಾಗ ದವಡೆ ಸಡಿಲ ಬಿಡುವುದನ್ನು ಆಮೇಲೆ ಅವರು ಕಲಿಸಿದರು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಬಿಳಿ ಜೀಪು ನಿಂತಿತು. ಪಂಪನಗೌಡ ಕೋಲೂರಿ ಬಂದು ಈರಮ್ಮನಿಗೆ ಕೈ ಮುಗಿದ.

"ತಂಗಿ, ಇವ ಆಟ ಆಡಿರಲಿಲ್ಲ. ಬ್ಯಾಡ ಅಂದ್ರೂ ಹೊರಿಸಿದಾವ ನಾನು. ನನ್ನ ಪ್ರಮೋಶನ್ ಹೋಗತೈತಿ ಅಂತ ಸುಳ್ಳು ಬರದೆ."

ನಮ್ಮ ಮನೆಗೆ ಯಾರೇ ಬರಲಿ, ಈರಮ್ಮ ಮೊದಲು ಚಂಬು ನೀರು ಕೊಡುವವಳು. ಅಂದು ಅವಳು ಕದಲಲಿಲ್ಲ. ಕುಂದ್ರಿ ಎನ್ನಲಿಲ್ಲ. ಅವನ ಕಾಲು ನಡುಗುವವರೆಗೆ ನಿಲ್ಲಿಸಿಕೊಂಡೇ ನೋಡಿದಳು.

"ಆತು. ಹೇಳಿದ್ರಲ್ಲ. ಹೋಗ್ರಿ."

ನಾನು ಹಾಕಿದ್ದ ಲೆಕ್ಕಗಳಲ್ಲಿ ಇಷ್ಟು ಗಟ್ಟಿ ಪೆಟ್ಟು ಒಂದೂ ಇರಲಿಲ್ಲ. ನನಗೆ ಹಿತವಾಯಿತು. ಸುಳ್ಳು ಹೇಳುವುದಿಲ್ಲ.

ಜೀಪು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ನೀವು ಯಾಕ ನನಗ ಹೇಳಲಿಲ್ಲ?"

"ಹೇಳಿದ್ನಲ್ಲ!"

"ಒಂದ ಸಲ ಹೇಳಿದ್ರಿ. ಆಮ್ಯಾಲೆ ಬರೇ ಒದರಿದ್ರಿ. ಒದರೋದ್ರಾಗ ನನಗ ಏನು ತಿಳೀಬೇಕು?"

ಅಂದು ಮಧ್ಯಾಹ್ನ ಅವಳಿಗೆ ಎಲ್ಲವನ್ನೂ ಹೇಳಿದೆ. ಅತ್ತದ್ದನ್ನೂ ಹೇಳಿದೆ. ಕಾಗದ ನಂಬಿದ್ದಕ್ಕೆ ಅವಳು ಕ್ಷಮೆ ಕೇಳಲಿಲ್ಲ, ತಾಟು ಎಸೆದದ್ದಕ್ಕೆ ನಾನು ಕೇಳಿದೆ.

ಪಂಪನಗೌಡನನ್ನು ನಾನು ಕ್ಷಮಿಸಿಲ್ಲ. ಅವನ ಕಾಲುರಿ ಹೆಚ್ಚಾಗಿದೆ ಎಂದು ಕೇಳಿದ ದಿನ ಈಗಲೂ ಒಳಗೊಳಗೇ ಖುಷಿಯಾಗುತ್ತದೆ. ಮೇಡಂ ಯಾವತ್ತೂ ಅವನನ್ನು ಕ್ಷಮಿಸು ಎನ್ನಲಿಲ್ಲ, ಅದಕ್ಕಾಗಿಯೇ ಅವರಿಗೆ ನಾನು ಋಣಿ. ಆದರೆ ಅವನು ಯಾವ ಗೇಟಿಗೆ ಯಾವಾಗ ಬರುತ್ತಾನೆ ಎಂದು ಕೇಳುವುದನ್ನು ಬಿಟ್ಟಿದ್ದೇನೆ.

ನೋವು ಹೋಗಿಲ್ಲ. ಇಂದು ಬೆಳಿಗ್ಗೆ ಈರಮ್ಮ ಕೇಳಿದಳು, "ಹೆಂಗೈತಿ?"

"ಸೊಂಟದಾಗ ಕಡಿಮಿ. ಹಿಮ್ಮಡದಾಗ ಭಾಳ ಐತಿ," ಎಂದೆ.

ಅವಳು ಹಿಮ್ಮಡಿಯ ಶಾಖಕ್ಕೆ ನೀರು ಕಾಸಲು ಹೋದಳು.